ಇಷ್ಟು ಕಷ್ಟಪಟ್ಟರೂ ನನ್ನ ಮೇಲೆ ನನಗೇ ಭರವಸೆ ಏಕಿಲ್ಲ?

ಓದುಗರ ಪ್ರಶ್ನೆ: ನನಗೆ 27 ವರ್ಷ. ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನದು ನಾಲ್ಕು ಎಕರೆ ಕೆಂಪು ಹೊಲ, ಮಳೆ ನಂಬಿದ ಶೇಂಗಾ. ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಮೂರು ವರ್ಷ ಓದಿದೆ. ಒಂದೂ ಆಗಲಿಲ್ಲ. ಒಂದೂವರೆ ವರ್ಷದಿಂದ ದಾವಣಗೆರೆಯಲ್ಲೇ ಸೋದರಮಾವನ ಬೀಜ-ಗೊಬ್ಬರದ ಅಂಗಡಿಯಲ್ಲಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಎಂಟೂವರೆಗೆ. ಚೀಲ ಎತ್ತುವುದರಿಂದ ಬಿಲ್ಲು ಬರೆಯುವವರೆಗೆ ಎಲ್ಲವೂ ನಾನೇ. ಆದರೂ ಬಂಧುಗಳು "ಮಾವನ ಅನ್ನ ತಿಂತಿದಾನೆ" ಅನ್ನುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಒಂದು ಅಂಗಿ ಕೊಳ್ಳಲೂ ನಾಲ್ಕು ಜನರನ್ನು ಕೇಳುತ್ತೇನೆ. ಕಷ್ಟಪಟ್ಟರೆ ಆತ್ಮಗೌರವ ತಾನಾಗಿ ಬರುತ್ತದೆ ಎನ್ನುತ್ತಾರಲ್ಲ, ನನಗೇಕೆ ಬರಲಿಲ್ಲ? ಸ್ವಂತ ಬುದ್ಧಿಯಿಂದ ಯೋಚಿಸುವುದನ್ನು ಈ ವಯಸ್ಸಿನಲ್ಲಿ ಕಲಿಯಬಹುದೇ? ಅಂಗಡಿ ಬಿಟ್ಟುಬಿಡಲೇ?

ಉತ್ತರ:

ಕಷ್ಟ ತಾನಾಗಿ ಯಾರಿಗೂ ಭರವಸೆ ತಂದುಕೊಡುವುದಿಲ್ಲ. ಕಷ್ಟದ ಜೊತೆಗೆ ಇನ್ನೆರಡು ಬೇಕು: ಆ ಕೆಲಸದಲ್ಲಿ ಏನಾದರೂ ಒಂದು ತೀರ್ಮಾನ ನಿಮ್ಮದಾಗಿರಬೇಕು, ಆ ತೀರ್ಮಾನದಿಂದ ಏನಾಯಿತು ಎಂಬುದು ನಿಮ್ಮ ಕಣ್ಣಿಗೇ ಕಾಣಬೇಕು. ನಿಮ್ಮ ಪಾಲಿಗೆ ಬಂದಿರುವುದು ಕಷ್ಟ ಮಾತ್ರ. 45 ಕೆ.ಜಿ.ಯ ಯೂರಿಯಾ ಚೀಲವನ್ನು ದಿನಕ್ಕೆ ಐವತ್ತು ಸಲ ಎತ್ತಿಟ್ಟರೆ ಬೆನ್ನು ನೋಯುತ್ತದೆ. ಎಷ್ಟು ತರಿಸಬೇಕು, ಯಾರಿಗೆ ಉದ್ರಿ ಕೊಡಬೇಕು, ಯಾವ ದರಕ್ಕೆ ಬಿಡಬೇಕು ಎಂಬುದೆಲ್ಲ ಇನ್ನೊಬ್ಬರ ಬಾಯಿಂದ ಬರುತ್ತಿರುವವರೆಗೆ ಆ ನೋವಿನಿಂದ "ಇದು ನನ್ನ ಕೈಲಾಗುತ್ತದೆ" ಎಂಬ ತಿಳಿವಳಿಕೆ ಹುಟ್ಟುವುದಿಲ್ಲ. ನಿಮ್ಮಲ್ಲಿ ಏನೋ ಕೊರತೆಯಿದೆ ಎಂದು ಇದರರ್ಥವಲ್ಲ. ಮನುಷ್ಯರ ಮನಸ್ಸು ಕೆಲಸ ಮಾಡುವ ಬಗೆಯೇ ಹಾಗಿದೆ.

ಇದಕ್ಕೆ ಗಟ್ಟಿ ಆಧಾರವಿದೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು; ಇಂದು ಓದಿದರೆ ಮನಸ್ಸು ನೋಯುವಂಥದ್ದು. ಎರಡು ಗುಂಪಿಗೂ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟರು. ಒಂದು ಗುಂಪಿನ ನಾಯಿ ತಲೆಯಿಂದ ಒಂದು ಹಲಗೆ ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಇನ್ನೊಂದು ಗುಂಪಿನ ನಾಯಿ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮೊದಲ ಗುಂಪಿಗೆ ಸರಾಸರಿ ಎಷ್ಟು ಹೊತ್ತು ಆಘಾತವಾಗಿತ್ತೋ ಇದಕ್ಕೂ ಅಷ್ಟೇ ಹೊತ್ತು ಆಗುತ್ತಿತ್ತು. ಅಂದರೆ ಎರಡೂ ಪಟ್ಟ ನೋವು ಸರಿಸಮ. ಮರುದಿನ ಗಿಡ್ಡ ಅಡ್ಡಗೋಡೆ ಹಾರಿದರೆ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲ ಗುಂಪು ಹಾರಿತು, ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಮಲಗಿ ಅನುಭವಿಸಿದವು. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿದ್ದಿಕೊಂಡರು. ದೀರ್ಘ ಕಷ್ಟದಲ್ಲಿ ಸುಮ್ಮನಾಗುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು "ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ" ಎಂಬುದನ್ನು ಎಂದರು. ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಕಲಿಯಬಹುದು, ಯಾವ ವಯಸ್ಸಿನಲ್ಲೂ.

ನಿಮ್ಮ ಮೂರು ವರ್ಷದ ಓದನ್ನು ಈ ಬೆಳಕಿನಲ್ಲಿ ನೋಡಿ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಸಾವಿರಾರು ಹುಡುಗ ಹುಡುಗಿಯರು ಆ ಅವಧಿಯಲ್ಲಿ ಕಲಿತದ್ದೇನು? ಎಷ್ಟು ಓದಿದರೂ ಫಲಿತಾಂಶ ತಮ್ಮ ಕೈಯಲ್ಲಿಲ್ಲ ಎಂಬುದನ್ನು. ಬೆಳಿಗ್ಗೆ ಐದಕ್ಕೆ ಎದ್ದು ಓದಿದ್ದು ಸುಳ್ಳಲ್ಲ. ಆದರೆ ಓದಿಗೂ ಫಲಕ್ಕೂ ನಡುವಿನ ಕೊಂಡಿಯೇ ಕಡಿದುಹೋದಾಗ ಆ ಶ್ರಮ ಭರವಸೆಯಾಗಿ ಜಮೆಯಾಗುವುದಿಲ್ಲ. "ಮೂರು ವರ್ಷ ವ್ಯರ್ಥ ಮಾಡಿದವನು" ಎಂಬ ತೀರ್ಪನ್ನು ನಿಮ್ಮ ಮೇಲೆ ನೀವೇ ಬರೆದುಕೊಂಡಿದ್ದರೆ, ಮೊದಲು ಅದನ್ನು ಹೊಡೆದುಹಾಕಿ.

ಕಷ್ಟದ ಪ್ರಮಾಣದ ಬಗ್ಗೆಯೂ ಒಂದು ಮಾತು. 2010ರಲ್ಲಿ ಮಾರ್ಕ್ ಸೀರಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿನಲ್ಲಿ ಒಂದಿಷ್ಟು ಕಷ್ಟ ಕಂಡವರು ಏನೂ ಕಾಣದವರಿಗಿಂತಲೂ ವಿಪರೀತ ಕಂಡವರಿಗಿಂತಲೂ ಮಾನಸಿಕವಾಗಿ ಚೆನ್ನಾಗಿದ್ದರು. "ಹೆಚ್ಚು ನೊಂದಷ್ಟೂ ಹೆಚ್ಚು ಗಟ್ಟಿ" ಎಂಬುದು ಸುಳ್ಳು. ಚಳ್ಳಕೆರೆ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸಾಲುಸಾಲಾಗಿ ಮಳೆ ಕೈಕೊಟ್ಟ ವರ್ಷಗಳು ಯಾವ ರೈತನ ಆತ್ಮಗೌರವವನ್ನೂ ಹೆಚ್ಚಿಸಲಿಲ್ಲ, ಸಾಲವನ್ನಷ್ಟೇ ಹೆಚ್ಚಿಸಿದವು. ಅದೇ ಬರದಲ್ಲಿ ಹೊಲದ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ, ಬಿದ್ದ ಎರಡು ಮಳೆಯನ್ನು ಹಿಡಿದಿಟ್ಟು, ಒಂದು ಬಾರಿ ನೀರು ಹಾಯಿಸಿ ಪೈರು ಉಳಿಸಿಕೊಂಡವರ ಮಾತಿನಲ್ಲಿ ಬೇರೆಯೇ ಒಂದು ಗತ್ತು ಬರುತ್ತದೆ. ಆ ಗತ್ತನ್ನು ಬರ ಕೊಟ್ಟದ್ದಲ್ಲ, ಹೊಂಡ ತೆಗೆಸುವ ತೀರ್ಮಾನ ಕೊಟ್ಟದ್ದು.

ಮುಂದೆ ಹೋಗುವ ಮೊದಲು ಒಂದನ್ನು ಬೇರ್ಪಡಿಸಿಕೊಳ್ಳಬೇಕು. ಮನುಷ್ಯನಾಗಿ ನಿಮಗೆ ಸಲ್ಲಬೇಕಾದ ಮರ್ಯಾದೆಯನ್ನು ನೀವು ದುಡಿದು ಗಳಿಸಬೇಕಿಲ್ಲ. ನಾಲ್ಕು ಜನರೆದುರು ಬೈಯಿಸಿಕೊಳ್ಳದಿರಲು, ಹೊತ್ತಿಗೆ ಊಟ ಮಾಡಲು, ಮಾಡಿದ ಕೆಲಸಕ್ಕೆ ಸಂಬಳ ಪಡೆಯಲು ಯಾವ ಅರ್ಹತೆಯನ್ನೂ ಸಾಬೀತು ಮಾಡಬೇಕಿಲ್ಲ. ಗಳಿಸಬೇಕಾದದ್ದು ನಿಮ್ಮ ಕೈಮೇಲೆ ನಿಮಗಿರುವ ನಂಬಿಕೆಯನ್ನು. ಈ ಎರಡನ್ನೂ ಬೆರೆಸಿಕೊಂಡವರು ಎರಡು ಕಡೆಯೂ ಸೋಲುತ್ತಾರೆ: ಅವಮಾನವನ್ನು "ನನ್ನನ್ನು ಗಟ್ಟಿ ಮಾಡುವ ಕಷ್ಟ" ಎಂದು ನುಂಗಿಕೊಳ್ಳುತ್ತಾರೆ, ಕಲಿಯಬಹುದಾದ ಕೆಲಸವನ್ನು "ನನ್ನ ಹಣೆಬರಹ ಇಷ್ಟೇ" ಎಂದು ಬಿಟ್ಟುಬಿಡುತ್ತಾರೆ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಆರು ವಾರಕ್ಕೆ ಒಂದೇ ಒಂದು ಕಷ್ಟದ ಕೆಲಸ ಆರಿಸಿಕೊಳ್ಳಿ. ಅದು ಈಗ ನೀವಿರುವ ಜಾಗದಲ್ಲೇ ಮಾಡಬಹುದಾದದ್ದಾಗಿರಲಿ. ಹತ್ತು ಸಲ ಪ್ರಯತ್ನಿಸಿದರೆ ಏಳೆಂಟು ಸಲ ಆಗುವಷ್ಟು, ಎರಡು ಮೂರು ಸಲ ಸೋಲುವಷ್ಟು ಬಿಗಿಯಾಗಿರಲಿ. ಪೂರಾ ಸುಲಭವಾದದ್ದರಿಂದ ಪ್ರಯೋಜನವಿಲ್ಲ. ಸ್ವಸಾಮರ್ಥ್ಯದ ನಂಬಿಕೆಯ ಬಗ್ಗೆ 1977ರಿಂದ ಬರೆಯುತ್ತ ಬಂದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಸುಲಭದ ಗೆಲುವುಗಳನ್ನಷ್ಟೇ ಕಂಡವರು ಮೊದಲ ಸೋಲಿಗೇ ಕೈಚೆಲ್ಲುತ್ತಾರೆ. ಆ ನಂಬಿಕೆ ಹುಟ್ಟುವ ದಾರಿಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಸಾಧಿಸುವುದು. ನಮ್ಮಂಥವರೇ ಮಾಡುವುದನ್ನು ನೋಡುವುದು ಅದರ ನಂತರದ್ದು. ಬೇರೆಯವರ ಹೊಗಳಿಕೆ ಇನ್ನೂ ದುರ್ಬಲ. ಭಾಷಣದ ವಿಡಿಯೊಗಳನ್ನು ನೋಡಿದ ರಾತ್ರಿಯ ಹುರುಪು ಮರುದಿನ ಶಟರ್ ಎತ್ತುವ ಹೊತ್ತಿಗೆ ಇಳಿದಿರುವುದು ಇದೇ ಕಾರಣಕ್ಕೆ.

ನಿಮ್ಮ ಅಂಗಡಿಯಲ್ಲಿ ಅಂಥ ಕೆಲಸ ಕಣ್ಣೆದುರೇ ಇದೆ: ಉದ್ರಿ ಖಾತೆ. ಜೂನ್-ಜುಲೈನಲ್ಲಿ ಬೀಜ, ಗೊಬ್ಬರ ಉದ್ರಿಗೆ ಹೋಗುತ್ತದೆ, ಹಣ ಬರುವುದು ಮೆಕ್ಕೆಜೋಳ, ಶೇಂಗಾ ಮಾರುಕಟ್ಟೆಗೆ ಬಂದ ಮೇಲೆ. ಬೀಜ-ಗೊಬ್ಬರದ ಅಂಗಡಿಗಳು ಸೊರಗುವುದು ಸಾಮಾನ್ಯವಾಗಿ ಇಲ್ಲೇ, ಅಂಗಡಿಯವರು ಮುಂದೂಡುವ ಕೆಲಸವೂ ಇದೇ, ಏಕೆಂದರೆ ಪರಿಚಯದವರನ್ನು ಹಣ ಕೇಳುವುದು ಯಾರಿಗೂ ಇಷ್ಟವಿಲ್ಲ. ನೀವು ಬಿ.ಕಾಂ. ಓದಿದವರು. ಬಾಕಿಯನ್ನು ಮೊತ್ತದ ಪ್ರಕಾರ ಜೋಡಿಸದೆ ವಯಸ್ಸಿನ ಪ್ರಕಾರ ಜೋಡಿಸಿ: 30 ದಿನದೊಳಗಿನವು, 31ರಿಂದ 90, 91ರಿಂದ 180, ಅದಕ್ಕೂ ಹಳೆಯವು. ಎಲ್ಲರೂ ಮಾಡುವ ತಪ್ಪು ಅತಿ ದೊಡ್ಡ, ಅತಿ ಹಳೆಯ ಬಾಕಿಯಿಂದ ಶುರು ಮಾಡುವುದು. ಅದು ಹಳೆಯದಾಗಿರುವುದೇ ವಸೂಲಾಗದ ಕಾರಣಕ್ಕೆ; ಅಲ್ಲಿ ಮೊದಲ ಮೂರು ಪ್ರಯತ್ನ ಸೋತರೆ ನಾಲ್ಕನೆಯದಕ್ಕೆ ಮನಸ್ಸೇ ಏಳುವುದಿಲ್ಲ. 31ರಿಂದ 180 ದಿನದೊಳಗಿನ ಹನ್ನೆರಡು ಖಾತೆ ಆರಿಸಿ, ವಾರಕ್ಕೆ ಎರಡು. ಇದನ್ನು ಆಗಸ್ಟಿನಲ್ಲಿ ಮಾಡಹೋಗಬೇಡಿ, ಆಗ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ. ಸುಗ್ಗಿಯ ಮಾಲು ಎಪಿಎಂಸಿಗೆ ಬರುವ ನವೆಂಬರಿನಿಂದ ಜನವರಿಯವರೆಗಿನ ಕಾಲ ಸರಿ.

ಮಾವನ ಹತ್ತಿರ ಒಪ್ಪಿಗೆ ಕೇಳುವ ರೀತಿ ಮುಖ್ಯ. "ಮಾವ, ನಂಗೂ ಏನಾದ್ರೂ ಜವಾಬ್ದಾರಿ ಕೊಡಿ" ಎಂದರೆ ಸಿಗುವುದು ಇನ್ನೊಂದು ಹೇಳಿ ಮಾಡಿಸುವ ಕೆಲಸ. ಗಡಿ ಹಾಕಿಯೇ ಕೇಳಿ: "ಮಾವ, ಈ ಹನ್ನೆರಡು ಖಾತೆ ಆರು ವಾರ ನನಗೆ ಬಿಡಿ. ಯಾರ ಹತ್ರ ಯಾವಾಗ ಹೋಗ್ಬೇಕು, ಕಂತು ಹೆಂಗೆ ಮಾಡ್ಬೇಕು ನಾನೇ ನೋಡ್ಕೊತೀನಿ. ಐನೂರು ರೂಪಾಯಿಗಿಂತ ಹೆಚ್ಚು ಬಿಡೋದಾದ್ರೆ ನಿಮ್ಮನ್ನ ಕೇಳ್ತೀನಿ. ಶನಿವಾರ ಸಂಜೆ ಲೆಕ್ಕ ತೋರಿಸ್ತೀನಿ." ಎಷ್ಟು ಖಾತೆ, ಎಷ್ಟು ದಿನ, ಎಲ್ಲಿಯವರೆಗೆ ನಿಮ್ಮ ಮಾತು, ಎಲ್ಲಿಂದ ಅವರ ಮಾತು ಎಂಬ ನಾಲ್ಕೂ ಇದರಲ್ಲಿ ಬಂದವು. ಅಂಗಡಿ ಅವರದು, ಅವರ ಅಂಜಿಕೆ ಸಹಜ. ನಷ್ಟದ ಮಿತಿ ಗೊತ್ತಾದರೆ ಹೆಚ್ಚಿನ ಹಿರಿಯರು ಒಪ್ಪುತ್ತಾರೆ. ಹನ್ನೆರಡಕ್ಕೆ ಒಪ್ಪದಿದ್ದರೆ ಐದು ಕೇಳಿ.

ರೈತರ ಹತ್ತಿರ ಹೋದಾಗ "ಯಾವಾಗ ಕೊಡ್ತೀರಾ" ಎಂದು ಕೇಳಿದರೆ "ಮುಂದಿನ ವಾರ ನೋಡಾಣ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೊತ್ತವನ್ನು ನೀವು ಹೇಳಿ, ಕಂತನ್ನೂ ದಿನವನ್ನೂ ಅವರಿಂದ ಹೇಳಿಸಿ: "ಯಜಮಾನ್ರೇ, ಜೂನ್‌ನಲ್ಲಿ ತಗೊಂಡಿದ್ದು ಎಂಟು ಸಾವಿರದ ನಾನೂರು ಐತೆ. ಈ ತಿಂಗ್ಳು ಎಷ್ಟು ಹೊಂದಿಸ್ಕೊಡ್ಬಹುದು, ಯಾವತ್ತು ಬರ್ಲಿ?" ಕೇಳಿದ ಮೇಲೆ ಸುಮ್ಮನಿರಿ. ಆ ಕ್ಷಣದ ಮುಜುಗರ ತಾಳಲಾರದೆ "ಇರ್ಲಿ ಬಿಡಿ, ಆದಾಗ ಕೊಡಿ" ಎಂದುಬಿಡುವುದೇ ವಸೂಲಿ ಕೆಡುವ ಜಾಗ. ಬಂದಷ್ಟು ಹಣಕ್ಕೆ ರಸೀದಿ ಕೊಟ್ಟು ಖಾತೆಪುಸ್ತಕದಲ್ಲಿ ಅವರ ಸಹಿ ಹಾಕಿಸಿ. ಸರಕು ಮಾರಿದ ಬಾಕಿಗೆ ದಾವೆ ಹೂಡಲು ಕಾಲಮಿತಿ 3 ವರ್ಷ; ಆ ಅವಧಿಯೊಳಗೆ ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ, ಅಥವಾ ಕಂತು ಕಟ್ಟಿದ್ದು ಅವರ ಸಹಿಯೊಂದಿಗೆ ದಾಖಲಾದರೆ, ಅಂದಿನಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಕೋರ್ಟಿಗೆ ಹೋಗಲು ಇದನ್ನು ಹೇಳುತ್ತಿಲ್ಲ. ನಿಮ್ಮ ಕೆಲಸದ ನಿಯಮ ನಿಮಗೆ ಮಾವನಷ್ಟೇ ಚೆನ್ನಾಗಿ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಗೆಲುವನ್ನು ಅಳೆಯುವ ಕೋಲು ನಿಮ್ಮ ಕೈಯಲ್ಲಿರುವಂಥದ್ದೇ ಆಗಬೇಕು. "ಎಷ್ಟು ಹಣ ಬಂತು" ಎಂಬುದು ಮಳೆ, ದರ, ಅವರ ಮನೆಯ ಆಸ್ಪತ್ರೆ ಖರ್ಚು ಎಲ್ಲದರ ಮೇಲೂ ನಿಂತಿದೆ. "ಹೋದೆನೇ, ಮೊತ್ತ ಸ್ಪಷ್ಟವಾಗಿ ಹೇಳಿದೆನೇ, ದಿನಾಂಕ ಅವರ ಬಾಯಿಂದ ಬಂತೇ, ಆ ದಿನ ಮತ್ತೆ ಹೋದೆನೇ" ಎಂಬ ನಾಲ್ಕು ಪೂರ್ತಿ ನಿಮ್ಮವು, ಅಥವಾ ಬಹುಪಾಲು ನಿಮ್ಮವು. ಹಣವನ್ನೂ ಬರೆಯಿರಿ, ಆದರೆ ನಿಮ್ಮ ಬೆಲೆ ಕಟ್ಟಲು ಅದನ್ನು ಬಳಸಬೇಡಿ.

ಸ್ವಂತ ಯೋಚನೆಯ ಅಭ್ಯಾಸ ಶುರುವಾಗುವುದೂ ಈ ಬರವಣಿಗೆಯಲ್ಲೇ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ದಿನಾಂಕ, ನಾನು ಮಾಡಿದ ತೀರ್ಮಾನ, ಏನಾಗಬಹುದೆಂದು ನನ್ನ ಅಂದಾಜು (ನೂರಕ್ಕೆ ಎಷ್ಟು ಎಂದು ಅಂಕಿಯಲ್ಲಿ), ನಿಜಕ್ಕೂ ಆದದ್ದು. ಮೂರನೆಯ ಕಾಲಂ ಅನ್ನು ಕೆಲಸಕ್ಕೆ ಮುಂಚೆಯೇ ತುಂಬಬೇಕು, ಪೆನ್ನಿನಲ್ಲಿ. ಆದ ಮೇಲೆ ಬರೆದರೆ "ಹೀಗೇ ಆಗುತ್ತೆ ಅಂತ ಗೊತ್ತಿತ್ತು" ಎಂದು ಮನಸ್ಸು ಸುಳ್ಳು ಹೇಳುತ್ತದೆ. ಇಪ್ಪತ್ತು ಸಾಲು ತುಂಬಿದ ಮೇಲೆ ಕೂತು ಲೆಕ್ಕ ಹಾಕಿ. "ನೂರಕ್ಕೆ 70" ಎಂದು ಬರೆದ ಹತ್ತರಲ್ಲಿ ಏಳರ ಆಸುಪಾಸು ನಿಜವಾಗಿದ್ದರೆ ನಿಮ್ಮ ಅಂದಾಜು ನಂಬಬಹುದಾದದ್ದು. ಮೂರೇ ನಿಜವಾಗಿದ್ದರೆ ಅವಸರದಲ್ಲಿ ನಂಬುತ್ತಿದ್ದೀರಿ. ಹತ್ತೂ ನಿಜವಾಗಿದ್ದರೆ ಅಗತ್ಯಕ್ಕಿಂತ ಹೆಚ್ಚು ಅನುಮಾನಪಡುತ್ತಿದ್ದೀರಿ, ನಾಲ್ಕು ಜನರನ್ನು ಕೇಳುವವರಲ್ಲಿ ಹೆಚ್ಚಾಗಿ ಕಾಣುವುದು ಇದು. ಯಾರ ಹೊಗಳಿಕೆಯೂ ಈ ಪುಟ ಮಾಡುವ ಕೆಲಸ ಮಾಡಲಾರದು, ಏಕೆಂದರೆ ಇದರಲ್ಲಿ ನಿಮ್ಮ ತೀರ್ಮಾನಕ್ಕೆ ಸಾಕ್ಷಿ ಹೇಳುತ್ತಿರುವುದು ನಡೆದ ಸಂಗತಿ.

ನಾಲ್ಕು ಜನರನ್ನು ಕೇಳುವುದು ತಪ್ಪೇ ಎಂದರೆ, ಅಲ್ಲ. ತಪ್ಪಿರುವುದು ಕೇಳುವ ಸರದಿಯಲ್ಲಿ. ಮೊದಲು ಕೇಳಿ ಆಮೇಲೆ ಯೋಚಿಸಿದರೆ ಯೋಚನೆ ಹುಟ್ಟುವುದೇ ಇಲ್ಲ. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ ಜನರನ್ನು ಗುಂಪಿನಲ್ಲಿ ಕೂರಿಸಿ, ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕೇಳಿದರು. ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಹೇಳುವವರು. ಒಂಟಿಯಾಗಿ ಉತ್ತರಿಸುವಾಗ ನೂರಕ್ಕೆ ಒಂದೂ ತಪ್ಪಾಗದ ಪ್ರಶ್ನೆಯಲ್ಲಿ, ಗುಂಪಿನೆದುರು ಮೂರರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಗುಂಪಿನ ತಪ್ಪನ್ನೇ ಹಿಂಬಾಲಿಸಿದವು. ನಿಮಗೆ ಹೆಚ್ಚು ಬೇಕಾದದ್ದು ಅದರ ಮುಂದಿನ ಭಾಗ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾಗಿ ಹೇಳುವವನಿದ್ದಾಗ ಆ ತಪ್ಪುಗಳು ಕಾಲುಭಾಗಕ್ಕೆ ಇಳಿದವು. ನಿಮ್ಮನ್ನು ಯಾವಾಗಲೂ ಒಪ್ಪುವ ಗೆಳೆಯರ ಬಳಗ ಬೇಕಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ ಒಬ್ಬರು ಸಾಕು.

ಆದ್ದರಿಂದ ತೀರ್ಮಾನಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ. ಐನೂರು ರೂಪಾಯಿಯೊಳಗಿನದು, ಅರ್ಧ ದಿನದೊಳಗಿನದು ಯಾರನ್ನೂ ಕೇಳಬಾರದು; ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಅಂಗಿ ನೋಡಿದರೆ ಹತ್ತು ನಿಮಿಷದೊಳಗೆ ಕೊಂಡು ಬನ್ನಿ, ಮನೆಗೆ ಬಂದು "ಹೆಂಗಿದೆ" ಎಂದೂ ಕೇಳಬೇಡಿ. ಬಣ್ಣ ಕೆಟ್ಟದ್ದಾದರೆ ಕೆಟ್ಟದ್ದನ್ನೇ ತೊಡಿ, ಮುಂದಿನದಕ್ಕೆ ಕಣ್ಣು ತಿದ್ದುಕೊಳ್ಳುತ್ತದೆ. ಒಂದು ತಿಂಗಳ ಸಂಬಳದವರೆಗಿನ ತೀರ್ಮಾನಕ್ಕೆ ಮೊದಲು ನಾಲ್ಕು ಸಾಲು ಬರೆಯಿರಿ: ಏನು ತೀರ್ಮಾನಿಸಬೇಕು, ನನಗೆ ಯಾವುದು ಸರಿ ಅನ್ನಿಸುತ್ತದೆ, ಏಕೆ, ಏನು ಗೊತ್ತಾದರೆ ಮನಸ್ಸು ಬದಲಿಸುತ್ತೇನೆ. ಬರೆದ ಮೇಲೆ ಇಬ್ಬರನ್ನು ಮಾತ್ರ ಕೇಳಿ. ಅವರಲ್ಲಿ ಒಬ್ಬರು ಆ ಕೆಲಸ ಮಾಡಿದವರಿರಲಿ, ನಿಮ್ಮ ತೀರ್ಮಾನದಿಂದ ಅವರಿಗೆ ಲಾಭ-ನಷ್ಟ ಇರದಿರಲಿ. "ನಾನೇನು ಮಾಡ್ಲಿ" ಎಂದು ಕೇಳದೆ "ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ" ಎಂದು ಕೇಳಿ. ಸಾಲ, ಮದುವೆ, ಜಮೀನು ಇಂಥವುಗಳಲ್ಲಿ ಮನೆಯವರೆಲ್ಲ ಕೂತು ಮಾತಾಡುವುದೇ ಸರಿ. ಅಲ್ಲಿಗೂ ಆ ನಾಲ್ಕು ಸಾಲು ಜೇಬಿನಲ್ಲಿರಲಿ.

ಎಲ್ಲರೂ ಹೇಳಿದ್ದಕ್ಕೆ ವಿರುದ್ಧ ಹೋಗುವುದನ್ನು ಸ್ವತಂತ್ರ ಯೋಚನೆ ಎಂದು ತಿಳಿಯಬೇಡಿ. ಮಾವ ಬೇಡ ಎಂದದ್ದಕ್ಕೇ ಬೇಕು ಅನ್ನಿಸಿದರೆ ಆಗಲೂ ನಿಮ್ಮನ್ನು ನಡೆಸುತ್ತಿರುವವರು ಮಾವನೇ. "ಇದನ್ನೇ ಮಾವ ಮಾಡು ಎಂದಿದ್ದರೆ ನಾನು ಮಾಡುತ್ತಿದ್ದೆನೇ?" ಎಂದು ಕೇಳಿಕೊಳ್ಳಿ. ಉತ್ತರ ಬದಲಾದರೆ ತೀರ್ಮಾನ ಇನ್ನೂ ನಿಮ್ಮದಾಗಿಲ್ಲ.

ಅಪ್ಪನ ಜೊತೆಗಿನ ವಿಷಯವನ್ನು ನೀವು ಕೇಳಿಲ್ಲವಾದರೂ, ಊರಿನ ಹೊಲದಲ್ಲಿ ಅಭಿಪ್ರಾಯಭೇದವನ್ನು ಜಗಳವಿಲ್ಲದೆ ಪರೀಕ್ಷಿಸುವ ಒಳ್ಳೆಯ ಅವಕಾಶವಿದೆ. ಬೀಜ-ಗೊಬ್ಬರದ ಅಂಗಡಿಯಲ್ಲಿರುವ ನಿಮಗೆ ಜಿಪ್ಸಂ, ಅಂದರೆ ಮಣ್ಣಿಗೆ ಸುಣ್ಣದಂಶ ಕೊಡುವ ಪುಡಿ, ಗೊತ್ತೇ ಇದೆ. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲ ಮಣ್ಣಿನಿಂದ ತಾನೇ ಹೀರಿಕೊಳ್ಳುತ್ತದೆ, ಬೇರಿನ ಮೂಲಕ ಬಂದದ್ದು ಅದಕ್ಕೆ ಸಾಲುವುದಿಲ್ಲ. ಆದ್ದರಿಂದ ಸುಣ್ಣ ಕಡಿಮೆಯಿರುವ ಕೆಂಪು ಮಣ್ಣಿನಲ್ಲಿ ಜೊಳ್ಳು ಕಾಯಿ ಹೆಚ್ಚು. ಜಿಪ್ಸಂ ಶಿಫಾರಸು ಹೆಕ್ಟೇರಿಗೆ 500 ಕೆ.ಜಿ., ಅಂದರೆ ಗುಂಟೆಗೆ ಸುಮಾರು 5 ಕೆ.ಜಿ. ಅಪ್ಪ ಹಾಕುವ ರೂಢಿಯಿಲ್ಲದಿದ್ದರೆ "ನಾಲ್ಕು ಎಕರೆಗೂ ಹಾಕೋಣ" ಎಂದು ವಾದಕ್ಕಿಳಿಯಬೇಡಿ. ಅಕ್ಕಪಕ್ಕದ ಎರಡೆರಡು ಗುಂಟೆಯ ಎರಡು ತುಂಡು ಕೇಳಿ. ಒಂದೇ ಬೀಜ, ಒಂದೇ ದಿನದ ಬಿತ್ತನೆ, ಒಂದೇ ರೀತಿಯ ಕಳೆ ಕೆಲಸ. ಒಂದಕ್ಕೆ ಮಾತ್ರ, ಹೂವು ಬಂದು ಕಾಯಿಕಡ್ಡಿ ಮಣ್ಣಿಗಿಳಿಯುವ ಹೊತ್ತಿಗೆ, ಅಂದರೆ ಬಿತ್ತಿದ 35-40 ದಿನಕ್ಕೆ, 10 ಕೆ.ಜಿ. ಜಿಪ್ಸಂ ಬುಡದ ಸಾಲಿಗೆ ಹಾಕಿ ಮಣ್ಣು ಏರಿಸಿ. ಮಣ್ಣು ಹಸಿ ಇರಬೇಕು, ಒಣ ನೆಲಕ್ಕೆ ಹಾಕಿದರೆ ಕೆಲಸ ಮಾಡುವುದಿಲ್ಲ. ಎರಡು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗದು, ಪ್ರಯೋಗಗಳು ಕೆಡುವುದು ಹೆಚ್ಚಾಗಿ ಹೀಗೆ.

ಕೀಳುವಾಗ ಬದುವಿನ ಅಂಚು ಬಿಟ್ಟು, ಪ್ರತಿ ತುಂಡಿನ ಐದು ಕಡೆಯಿಂದ ಎರಡೆರಡು ಗಿಡ ಕಿತ್ತು, ತುಂಬಿದ ಕಾಯಿ ಎಷ್ಟು, ಜೊಳ್ಳು ಎಷ್ಟು ಎಂದು ಅಪ್ಪನ ಕೈಯಿಂದಲೇ ಎಣಿಸಿಸಿ. ಅಲ್ಲಾಡಿಸಿದರೆ ಬೀಜ ಸದ್ದು ಮಾಡುವಷ್ಟು ಒಣಗಿದ ಮೇಲೆ ಎರಡೂ ತುಂಡಿನ ಇಳುವರಿ ಬೇರೆ ಬೇರೆ ತೂಗಿ. ವ್ಯತ್ಯಾಸ ಬರದಿದ್ದರೆ ಅದೂ ಉತ್ತರವೇ, ನಿಮ್ಮ ನೋಟ್‌ಬುಕ್ಕಿನ ಒಂದು ಸಾಲು. ಬಂದರೂ ಒಂದು ವರ್ಷದ ಮಳೆಯನ್ನು ನಂಬಿ ನಾಲ್ಕು ಎಕರೆಗೂ ಹೇಳಬೇಡಿ, ಇನ್ನೊಂದು ಮುಂಗಾರು ನೋಡಿ.

ಈ ದಾರಿ ಕೆಡುವ ಜಾಗಗಳು ಗೊತ್ತಿದ್ದರೆ ಒಳ್ಳೆಯದು. ಒಂದು, ತೋರಿಕೆಯ ಕಷ್ಟ. ನಾಲ್ಕಕ್ಕೆ ಏಳುವುದು, ತಣ್ಣೀರು ಸ್ನಾನ, 21 ದಿನದ ಸವಾಲು ಇವುಗಳಲ್ಲಿ ಹಿಂಸೆಯಿದೆ. ಆದರೆ ಹೊರಗೆ ಏನೂ ಬದಲಾಗುವುದಿಲ್ಲ, ಮುಗಿದ ಮೇಲೆ ತೋರಿಸಲು ಏನೂ ಇರುವುದಿಲ್ಲ. ಇನ್ನೊಂದು, ಶುರುವಿನಲ್ಲೇ ಸಾರುವುದು. ಸ್ಟೇಟಸ್ಸಿಗೆ ಹಾಕಿದ ಕೂಡಲೇ ಬರುವ ಭೇಷ್ ಅನ್ನಿಸಿಕೊಳ್ಳುವ ಸುಖ ಕೆಲಸದ ಸುಖದ ಜಾಗ ಹಿಡಿದು ಕೂರುತ್ತದೆ, ಆರು ವಾರ ಮುಗಿಯುವವರೆಗೆ ಮಾವನಿಗೂ ಆ ಒಬ್ಬ ಗೆಳೆಯನಿಗೂ ಬಿಟ್ಟು ಯಾರಿಗೂ ಹೇಳಬೇಡಿ. ಹೋಲಿಕೆಯೂ ಕೆಡಿಸುತ್ತದೆ. ಜೊತೆಗೆ ಓದಿ ನೌಕರಿ ಹಿಡಿದವರ ಪಕ್ಕ ನಿಮ್ಮನ್ನು ಇಟ್ಟು ನೋಡಿದರೆ ಕುಗ್ಗುತ್ತೀರಿ, ಕಲಿಯುವುದಿಲ್ಲ. ನೋಡುವುದಿದ್ದರೆ ನಿಮ್ಮದೇ ಹಿನ್ನೆಲೆಯಿಂದ ಬಂದು ಎರಡು ಮೂರು ವರ್ಷ ಮುಂದಿರುವ ಒಬ್ಬರನ್ನು ನೋಡಿ, ಅವರು ಸೋಮವಾರ ಬೆಳಿಗ್ಗೆ ಏನು ಮಾಡುತ್ತಾರೆಂದು ಕೇಳಿ. ಸತತ ಎರಡು ವಾರ ಸೋತರೆ ಕೆಲಸ ಬಿಡಬೇಡಿ, ಗಾತ್ರ ಅರ್ಧ ಮಾಡಿ. ವಾರಕ್ಕೆ ಎರಡು ಖಾತೆ ಆಗದಿದ್ದರೆ ಒಂದು.

ಕೆಲಸದ ಹೊತ್ತಿನ ಬಗ್ಗೆ ಹೇಳಲೇಬೇಕು. ದಿನಕ್ಕೆ ಹನ್ನೆರಡೂವರೆ ಗಂಟೆ ಅಂಗಡಿಯಲ್ಲಿರುವವರಿಗೆ ಯೋಚಿಸಲು ಮಿದುಳು ಉಳಿದಿರುವುದಿಲ್ಲ. ನಿಮ್ಮ ತೀರ್ಮಾನದ ಅಂಜಿಕೆಯಲ್ಲಿ ಒಂದು ಪಾಲು ಬರೀ ದಣಿವು. ಕರ್ನಾಟಕದ ಅಂಗಡಿಗಳ ಕಾಯ್ದೆ ಸಂಬಳಕ್ಕೆ ದುಡಿಯುವವರಿಗೆ ಇಟ್ಟಿರುವ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲಿ ಒಂದು ರಜೆ. ಮಾವನ ಮೇಲೆ ಕಾನೂನು ಹೇರಿ ಎನ್ನುತ್ತಿಲ್ಲ. ನ್ಯಾಯವಾದದ್ದು ಎಷ್ಟು ಎಂಬ ಅಳತೆ ನಿಮಗಿರಲಿ. "ಸಂಬಳ ಇಂತಿಷ್ಟು, ಇಂಥ ತಾರೀಖಿಗೆ" ಎಂಬುದು ಬಾಯಿಮಾತಿನಲ್ಲಾದರೂ ಖಚಿತವಾಗಬೇಕು. ಸಂಬಳ ಪಡೆಯುವವರು ಯಾರ ಅನ್ನವನ್ನೂ ತಿನ್ನುತ್ತಿಲ್ಲ. ಆ ಮಾತು ಇನ್ನೊಮ್ಮೆ ಬಂದರೆ "ಇಲ್ಲ, ಕೆಲಸ ಮಾಡ್ತೀನಿ, ಸಂಬಳ ತಗೋತೀನಿ" ಎಂದು ದನಿ ಏರಿಸದೆ ಒಮ್ಮೆ ಹೇಳಿ, ಎರಡನೇ ಸಲ ವಿವರಿಸಬೇಡಿ. ಗಿರಾಕಿಗಳೆದುರು ಬೈಗುಳ, ಹೊಡೆತ, ಸಂಬಳ ಹಿಡಿದಿಡುವುದು ಇವು ನಿಮ್ಮನ್ನು ಗಟ್ಟಿ ಮಾಡುವ ಕಷ್ಟಗಳಲ್ಲ. ಅಂಥದ್ದಿದ್ದರೆ ಆರು ವಾರ ಕಾಯಬೇಕಿಲ್ಲ.

ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಹಿಂದೆ ಇಷ್ಟವಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಖಿನ್ನತೆಯಾಗಿರಬಹುದು. ಆಗ ಮೊದಲು ಬೇಕಾದದ್ದು ಚಿಕಿತ್ಸೆ, ಈ ಅಭ್ಯಾಸಗಳಲ್ಲ. ಸಾಯುವ ಯೋಚನೆ ಒಂದೇ ಸಲ ಬಂದಿದ್ದರೂ ಅಷ್ಟು ದಿನ ಕಾಯಬೇಡಿ, ಅಂದೇ ಯಾರಿಗಾದರೂ ಹೇಳಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.

ಅಂಗಡಿ ಬಿಡಲೇ ಎಂದು ಕೇಳಿದ್ದೀರಿ. ಈಗ ಬೇಡ, ಏಕೆಂದರೆ ಈಗ ಬಿಟ್ಟರೆ ಅದು "ಜನ ಹೀಗನ್ನುತ್ತಾರೆ" ಎಂಬುದಕ್ಕೆ ಕೊಟ್ಟ ಉತ್ತರವಾಗುತ್ತದೆ, ಮತ್ತೆ ತೀರ್ಮಾನ ಅವರದೇ. ಆರು ವಾರ ಮುಗಿದು ಪುಸ್ತಕದಲ್ಲಿ ಇಪ್ಪತ್ತು ಸಾಲು ತುಂಬಿದ ಮೇಲೆ ಮತ್ತೆ ಕೇಳಿಕೊಳ್ಳಿ. ಅಷ್ಟರೊಳಗೆ ಮಾವ ಹನ್ನೆರಡು ಖಾತೆಯನ್ನು ಮೂವತ್ತು ಮಾಡಿ ಕೊಟ್ಟಿದ್ದರೆ ಅಲ್ಲಿ ಕಲಿಯಲು ಇನ್ನೂ ಇದೆ: ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು), ಸ್ಟಾಕಿನ ಲೆಕ್ಕ, ಮುಂಗಾರಿಗೆ ಯಾವ ಬೀಜ ಎಷ್ಟು ತರಿಸಬೇಕೆಂಬ ಅಂದಾಜು. ಚೆನ್ನಾಗಿ ಮಾಡಿದ ಮೇಲೂ ಒಂದು ತೀರ್ಮಾನವನ್ನೂ ಬಿಟ್ಟುಕೊಡದಿದ್ದರೆ ಹೊರಡುವುದು ಸರಿ. ಆಗ ಕೈಯಲ್ಲಿ ಮೂರು ತಿಂಗಳ ಖರ್ಚಿನ ಹಣ ಇಟ್ಟುಕೊಳ್ಳಿ, ಮುಂದಿನ ಕೆಲಸ ಮಾತಾಡಿಕೊಂಡಿರಿ, ಒಂದು ತಿಂಗಳು ಮುಂಚೆ ಮಾವನಿಗೆ ನೀವೇ ಹೇಳಿ, ಅಮ್ಮನ ಮೂಲಕ ಹೇಳಿಸಬೇಡಿ. ಜೂನ್-ಜುಲೈನ ಬಿತ್ತನೆ ಗಡಿಬಿಡಿಯಲ್ಲಿ ಕೈಬಿಟ್ಟು ಹೋಗಬೇಡಿ. ಹೊರಡುವ ಮುನ್ನ ನಿಮ್ಮ ಖಾತೆಗಳ ಬಾಕಿ, ಕೊಟ್ಟ ಮಾತಿನ ದಿನಾಂಕ, ಸಹಿಯಿರುವ ರಸೀದಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ, ಒಂದು ನಕಲು ನೀವೂ ಇಟ್ಟುಕೊಳ್ಳಿ. ಮುಂದಿನ ಕಡೆ ಕೆಲಸ ಕೇಳುವಾಗ ಏನು ಮಾಡಿದ್ದೀರಿ ಎಂದು ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.